ಜಾಹೀರಾತಿನಲ್ಲಿ ಬರೆಯದ ಕೆಲಸ

ಹುಬ್ಬಳ್ಳಿ ಧಾರವಾಡಗಳ ನಡುವಿನ ರಾಯಾಪುರದ ಕಡೆಯ ಒಂದು ಬೀಜ ಕಂಪನಿಯ ಪ್ರಯೋಗಾಲಯದಲ್ಲಿ ನಾನು ಬೀಜ ಎಣಿಸುತ್ತೇನೆ. ಮನೆಗೆ ಬಂದವರ ಎದುರು ಅವ್ವ ಇದನ್ನು "ಸೀಡ್ ಕಂಪನಿಯಾಗ ಲ್ಯಾಬ್ ಅಸಿಸ್ಟಂಟ್ ಅದಾನ" ಎಂದು ಹೇಳುತ್ತಾಳೆ. ಅದು ಸುಳ್ಳಲ್ಲ, ಆದರೆ ದಿನದ ಹೆಚ್ಚಿನ ಹೊತ್ತು ನಾನು ಮಾಡುವುದು ಎಣಿಕೆಯನ್ನೇ. ಒಂದು ಲಾಟಿನಿಂದ, ಅಂದರೆ ಒಂದು ಬೀಜರಾಶಿಯಿಂದ, ಬಂದ ಮಾದರಿಯಲ್ಲಿ ದಪ್ಪದ್ದು, ಸಣ್ಣದ್ದು ಎಂದು ಆರಿಸದೆ 400 ಬೀಜ ತೆಗೆದು, ನೂರು ನೂರರಂತೆ ನಾಲ್ಕು ಪಾಲು ಮಾಡಿ, ನೆನೆಸಿ ಹಿಂಡಿದ ಮೊಳಕೆ ಕಾಗದದ ಮೇಲೆ ಸಾಲುಸಾಲಾಗಿ ಇರಿಸಿ, ಕಾಗದವನ್ನು ಚಾಪೆಯಂತೆ ಸುತ್ತಿ ಜರ್ಮಿನೇಟರಿನಲ್ಲಿ, ಅಂದರೆ ಮೊಳಕೆ ಬರಿಸುವ ಪೆಟ್ಟಿಗೆಯಲ್ಲಿ, ನಿಲ್ಲಿಸಬೇಕು. ಜೋಳವಾದರೆ 4ನೆಯ ದಿನ ಮತ್ತು 10ನೆಯ ದಿನ, ಹತ್ತಿಯಾದರೆ 4ನೆಯ ದಿನ ಮತ್ತು 12ನೆಯ ದಿನ ಸುರುಳಿ ಬಿಚ್ಚಿ, ಸಹಜ ಸಸಿ ಎಷ್ಟು, ಬೇರೋ ಚಿಗುರೋ ಕೆಟ್ಟ ಅಸಹಜ ಸಸಿ ಎಷ್ಟು, ನೀರನ್ನೇ ಹೀರದ ಗಡಸು ಬೀಜ ಎಷ್ಟು, ಕೊಳೆತು ಸತ್ತದ್ದು ಎಷ್ಟು ಎಂದು ಬೇರೆ ಬೇರೆಯಾಗಿ ಬರೆಯಬೇಕು. ಈ ಕೆಲಸಕ್ಕೆ ಬಂದು ಏಳು ವರ್ಷಗಳಾದವು. ಅದಕ್ಕೆ ಮೊದಲಿನ ಹತ್ತು ವರ್ಷಗಳಲ್ಲಿ ನಾನು ನಾಲ್ಕು ಕೆಲಸಗಳನ್ನು ಬಿಟ್ಟಿದ್ದೆ, ಇಲ್ಲವೇ ಅವು ನನ್ನನ್ನು ಬಿಟ್ಟಿದ್ದವು. ಯಾವುದು ಯಾವಾಗ ಆಯಿತೆಂಬುದು ನನಗೆ ಇಂದಿಗೂ ಪೂರ್ತಿ ತಿಳಿದಿಲ್ಲ.

ನನಗೆ ಆಟಿಸಂ ಇದೆ. ಕನ್ನಡದ ಪುಸ್ತಕಗಳಲ್ಲಿ ಇದನ್ನು ಸ್ವಲೀನತೆ ಎಂದು ಬರೆಯುತ್ತಾರೆ, ಅಂದರೆ ತನ್ನಲ್ಲೇ ತಾನು ಲೀನವಾಗಿರುವುದು. 'ತಾನು' ಎಂಬ ಅರ್ಥದ ಗ್ರೀಕಿನ 'ಆಟೋಸ್' ಪದದಿಂದ ಸ್ವಿಸ್ ಮನೋವೈದ್ಯ ಯೂಜೆನ್ ಬ್ಲಾಯ್ಲರ್ ಕಳೆದ ಶತಮಾನದ ಆರಂಭದಲ್ಲಿ ಬೇರೊಂದು ಕಾಯಿಲೆಯ ಲಕ್ಷಣಕ್ಕಾಗಿ ಆಟಿಸಂ ಎಂಬ ಹೆಸರನ್ನು ಕಟ್ಟಿದ. 1943ರಲ್ಲಿ ಅಮೆರಿಕದ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ 11 ಮಕ್ಕಳನ್ನು ಕುರಿತು ಬರೆಯುವಾಗ ಅದನ್ನೇ ಎತ್ತಿಕೊಂಡ, ನಾವು ಅದನ್ನು ಅನುವಾದಿಸಿಕೊಂಡೆವು. ಹೆಸರಿನ ಬಗ್ಗೆ ನನಗೆ ಒಂದು ತಕರಾರಿದೆ. ಎದುರಿಗಿರುವವರ ಮುಖ ಏನು ಹೇಳುತ್ತಿದೆ, ಈಗ ನಗಬೇಕೋ ಬೇಡವೋ, ಮಾತು ಮುಗಿಯಿತೋ ಇನ್ನೂ ಇದೆಯೋ ಎಂದು ಎಚ್ಚರಗೊಂಡ ಹೊತ್ತಿನಿಂದ ಮಲಗುವವರೆಗೆ ಲೆಕ್ಕ ಹಾಕುತ್ತಲೇ ಇರುವವನಿಗೆ ತನ್ನಲ್ಲಿ ಲೀನವಾಗಲು ಪುರುಸೊತ್ತು ಎಲ್ಲಿಂದ ಬರಬೇಕು?

ಸಸ್ಯಶಾಸ್ತ್ರದಲ್ಲಿ ಬಿ.ಎಸ್‌ಸಿ. ಮುಗಿಸಿದ್ದು 2007ರಲ್ಲಿ. ಮೊದಲು ಒಂದು ಖಾಸಗಿ ಶಾಲೆಯಲ್ಲಿ ಮಾಸ್ತರನಾದೆ. ಪಾಠ ಕಷ್ಟವಾಗಲಿಲ್ಲ, ಗಂಟೆ ಹೊಡೆದ ಮೇಲಿನ ಐದು ನಿಮಿಷಗಳ ಗದ್ದಲ ಮತ್ತು ಮಾಸ್ತರರ ಕೋಣೆಯ ಹರಟೆ ನನ್ನನ್ನು ಒಂದೇ ವರ್ಷಕ್ಕೆ ಮುಗಿಸಿದವು. ಆಮೇಲೆ ಹುಬ್ಬಳ್ಳಿಯ ಒಂದು ಫೈನಾನ್ಸ್ ಕಂಪನಿಯ ಕೌಂಟರು, ಅಲ್ಲಿ ಹನ್ನೊಂದು ತಿಂಗಳು. ಒಂದು ಔಷಧಿ ಡೀಲರ ಬಳಿ ಮೂರೇ ವಾರ, ಅದನ್ನು ನೆನೆಯದಿರುವುದೇ ಒಳ್ಳೆಯದು. ಕೊನೆಯದು ಒಂದು ಬಟ್ಟೆಯ ಹೋಲ್‌ಸೇಲ್ ಅಂಗಡಿಯ ಲೆಕ್ಕಪತ್ರ. ಅಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಕಾಲ ಇದ್ದೆ, ಎಲ್ಲಕ್ಕಿಂತ ಹೆಚ್ಚು ಕಲಿತದ್ದೂ ಅಲ್ಲಿಯೇ.

ಆ ಅಂಗಡಿಯ ಮಾಲಕರು ಒಳ್ಳೆಯ ಮನುಷ್ಯರು, ದನಿ ಏರಿಸಿ ಮಾತನಾಡಿದವರಲ್ಲ. ಸೇರಿದ ಎರಡನೆಯ ವಾರ ಒಂದು ಕಟ್ಟು ಬಿಲ್ಲುಗಳನ್ನು ನನ್ನ ಮೇಜಿನ ಮೇಲೆ ಇಟ್ಟು, "ಇದನ್ನೊಂಚೂರು ನೋಡ್ರಿ" ಎಂದು ಹೋದರು. ನಾನು ಒಂದೊಂದಾಗಿ ನೋಡಿದೆ. ಸಂಜೆ ಅವರು ಬಂದು ಕೇಳಿದಾಗ "ನೋಡೀನ್ರಿ" ಎಂದು ಕಟ್ಟನ್ನು ಮರಳಿ ಕೊಟ್ಟೆ. ಅವರು ಕೆಲ ಹೊತ್ತು ನನ್ನ ಮುಖ ನೋಡಿದರು. ನಾನು ಚೇಷ್ಟೆ ಮಾಡುತ್ತಿದ್ದೇನೆ ಎಂದು ಅವರಿಗೆ ಅನ್ನಿಸಿತ್ತಂತೆ, ಅದು ಗೊತ್ತಾದದ್ದು ಬಹಳ ದಿನಗಳ ನಂತರ ಬೇರೊಬ್ಬರ ಬಾಯಿಂದ. ನಮ್ಮ ಕಡೆ 'ನೋಡು' ಎಂಬ ಕ್ರಿಯಾಪದಕ್ಕೆ ಕಣ್ಣಿನ ಕೆಲಸ ಅಪರೂಪ. 'ಒಂಚೂರು ನೋಡ್ರಿ' ಎಂದರೆ ಇವತ್ತೇ ಮಾಡಿ ಮುಗಿಸಿ ಎಂದು ಅರ್ಥ, 'ನೋಡೋಣಂತ' ಎಂದರೆ ಆಗುವುದಿಲ್ಲ ಎಂದು ಅರ್ಥ. 'ನೀವ ನೋಡ್ರಿ ಮತ್ತ' ಎಂದರೆ ತಪ್ಪಾದರೆ ಹೊಣೆ ನಿಮ್ಮದು. ವಾಕ್ಯದ ಕೊನೆಗೆ ಸುಮ್ಮನೆ ಬರುವ 'ನೋಡ್ರಿ'ಗೆ ಯಾವ ಅರ್ಥವೂ ಇಲ್ಲ. ಇದನ್ನು ಯಾರಿಗೂ ಯಾರೂ ಕಲಿಸುವುದಿಲ್ಲ, ತೊಟ್ಟಿಲಲ್ಲಿದ್ದಾಗಲೇ ಎಲ್ಲರಿಗೂ ಬಂದುಬಿಡುತ್ತದೆ. ನಾನು ಇಪ್ಪತ್ತಾರನೆಯ ವಯಸ್ಸಿನಲ್ಲಿ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಕಲಿತೆ, ಪರಭಾಷೆಯನ್ನು ಕಲಿತ ಹಾಗೆ.

ಇಂಥ ಪ್ರಸಂಗಗಳಲ್ಲಿ ಕೊರತೆ ಒಂದೇ ಕಡೆಗೆ ಇರುತ್ತದೆ ಎಂದು ನಾನು ಬಹಳ ಕಾಲ ನಂಬಿದ್ದೆ. ತಾವೂ ಆಟಿಸಂ ಇರುವವರಾದ ಬ್ರಿಟನ್ನಿನ ಸಮಾಜಶಾಸ್ತ್ರಜ್ಞ ಡೇಮಿಯನ್ ಮಿಲ್ಟನ್ 2012ರಲ್ಲಿ ಇದನ್ನು ಬೇರೆ ರೀತಿಯಲ್ಲಿ ಹೇಳಿದರು. ಎರಡು ಬಗೆಯ ಮನಸ್ಸುಗಳು ಭೇಟಿಯಾದಾಗ ತಿಳಿವಳಿಕೆ ತಪ್ಪುವುದು ಎರಡೂ ಬದಿಯಿಂದ ಎಂಬುದು ಅವರ ವಾದದ ತಿರುಳು. ನನಗೆ ಮಾಲಕರ ಮಾತು ತಿಳಿಯಲಿಲ್ಲ, ಮಾಲಕರಿಗೆ ನನ್ನ ಉತ್ತರ ತಿಳಿಯಲಿಲ್ಲ. ಆದರೆ ಪಗಾರ ಕೊಡುವವರು ಅವರಾದ ಕಾರಣ ಕಲಿಯುವ ಕೆಲಸ ಪೂರ್ತಿಯಾಗಿ ನನ್ನ ಪಾಲಿಗೆ ಬಂತು.

ನಡುವೆ ಎರಡು ವರ್ಷ ನಾನು ಧಾರವಾಡದ ಸಪ್ತಾಪುರದಲ್ಲಿ ಕಳೆದೆ. ಆ ಓಣಿಗಳನ್ನು ಬಲ್ಲವರಿಗೆ ವಿವರಣೆ ಬೇಡ. ಬೀದರದಿಂದ ಹಿಡಿದು ಚಾಮರಾಜನಗರದವರೆಗಿನ ಹುಡುಗರು ಒಂದು ಕೋಣೆಗೆ ನಾಲ್ಕು ಮಂದಿಯಂತೆ ಇದ್ದುಕೊಂಡು, ಕೋಚಿಂಗ್ ಕ್ಲಾಸು, ಗ್ರಂಥಾಲಯ, ಖಾನಾವಳಿಗಳ ನಡುವೆ ಸುತ್ತುತ್ತ ಸರಕಾರಿ ನೌಕರಿಗೆ ಕಾಯುವ ಜಾಗ ಅದು. ವಿಚಿತ್ರವೆಂದರೆ ನನ್ನ ಬಾಳಿನ ಅತ್ಯಂತ ನೆಮ್ಮದಿಯ ದಿನಗಳಲ್ಲಿ ಅವೂ ಸೇರಿವೆ. ಗ್ರಂಥಾಲಯದಲ್ಲಿ ಯಾರೂ ಮಾತನಾಡುವುದಿಲ್ಲ, ಪಠ್ಯಕ್ರಮ ಮುದ್ರಿತವಾಗಿರುತ್ತದೆ, ಪ್ರಶ್ನೆಗೆ ನಾಲ್ಕೇ ಉತ್ತರಗಳಿರುತ್ತವೆ. ಲಿಖಿತ ಪರೀಕ್ಷೆಗಳಲ್ಲಿ ಎರಡು ಬಾರಿ ದಾಟಿದೆ. ಸಂದರ್ಶನ ಇದ್ದಲ್ಲಿ ಎರಡೂ ಬಾರಿ ನಿಂತೆ.

ಆ ದಿನಗಳಲ್ಲಿ ನನಗೆ ಆಟಿಸಂ ಇದೆಯೆಂದು ಗೊತ್ತಿದ್ದರೂ ಪ್ರಯೋಜನವಾಗುತ್ತಿರಲಿಲ್ಲ. 1995ರ ಅಂಗವಿಕಲರ ಕಾಯ್ದೆಯಲ್ಲಿದ್ದದ್ದು ಏಳು ವಿಧದ ಅಂಗವಿಕಲತೆ, ಆಟಿಸಂ ಅದರಲ್ಲಿ ಇರಲಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಆಟಿಸಂ ಅನ್ನು ಹೆಸರಿಸಿತು, ಆದರೆ ಅದು ಪಾಲಕತ್ವ ಮತ್ತು ಪಾಲನೆಯ ಕುರಿತಾದದ್ದು, ನೌಕರಿಯ ಮಾತು ಅಲ್ಲಿಲ್ಲ. 2016ರ ಕಾಯ್ದೆ ಪಟ್ಟಿಯನ್ನು 21ಕ್ಕೆ ಏರಿಸಿತು ಮತ್ತು 2017ರ ಏಪ್ರಿಲ್ 19ರಂದು ಜಾರಿಗೆ ಬಂತು. ಸರಕಾರಿ ಹುದ್ದೆಗಳಲ್ಲಿ 40% ಅಥವಾ ಅದಕ್ಕಿಂತ ಹೆಚ್ಚಿನ ಅಂಗವಿಕಲತೆ ಇರುವವರಿಗೆ 4% ಮೀಸಲಾತಿ. ಅದರಲ್ಲಿ ದೃಷ್ಟಿ, ಶ್ರವಣ ಮತ್ತು ಚಲನೆಯ ಸಮಸ್ಯೆ ಇರುವವರಿಗೆ ತಲಾ 1%. ಉಳಿದ 1% ಆಟಿಸಂ, ಬೌದ್ಧಿಕ ಅಂಗವಿಕಲತೆ, ಕಲಿಕೆಯ ನಿರ್ದಿಷ್ಟ ತೊಡಕು, ಮಾನಸಿಕ ಅಸ್ವಸ್ಥತೆ ಮತ್ತು ಬಹುವಿಧ ಅಂಗವಿಕಲತೆ ಇರುವ ಎಲ್ಲರಿಗೂ ಸೇರಿ. ಒಂದು ರೊಟ್ಟಿಯನ್ನು ದೊಡ್ಡ ಪಂಕ್ತಿಗೆ ಹಂಚಿದಂತೆ ಎಂದು ಗೊಣಗಬಹುದು, ಆದರೆ ನಾನು ಸಪ್ತಾಪುರದಲ್ಲಿದ್ದಾಗ ಆ ರೊಟ್ಟಿಯೂ ಇರಲಿಲ್ಲ.

ನನಗೆ ಗೊತ್ತಾದದ್ದು ಅದೇ 2017ರಲ್ಲಿ, ಅಕ್ಕನ ಮಗನಿಂದ. ಅವನಿಗೆ ಆಗ ನಾಲ್ಕು ವರ್ಷ, ಮಾತು ತಡವಾಗಿತ್ತು. ಅಕ್ಕ, ಅವ್ವ ಮತ್ತು ನಾನು ಅವನನ್ನು ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಕರೆದುಕೊಂಡು ಹೋಗಿದ್ದೆವು. (ಹಳಬರ ಬಾಯಲ್ಲಿ ಅದು ಇನ್ನೂ ಹುಚ್ಚಾಸ್ಪತ್ರೆ, ಆದ್ದರಿಂದ ಪಕ್ಕದ ಮನೆಯವರಿಗೆ ಕಣ್ಣಿನ ಡಾಕ್ಟರ ಹತ್ತಿರ ಎಂದು ಹೇಳಿ ಹೊರಟಿದ್ದೆವು.) ಅಲ್ಲಿ ಒಬ್ಬರು ಒಂದೊಂದೇ ಪ್ರಶ್ನೆ ಕೇಳುತ್ತಿದ್ದರು: ಕಣ್ಣಿಗೆ ಕಣ್ಣು ಕೊಟ್ಟು ನೋಡುತ್ತಾನೆಯೇ, ಆಟಿಕೆಗಳನ್ನು ಸಾಲಾಗಿ ಜೋಡಿಸುತ್ತಾನೆಯೇ, ದಾರಿ ಬದಲಾದರೆ ಅಳುತ್ತಾನೆಯೇ. ಪ್ರತಿ ಪ್ರಶ್ನೆಗೂ ಅವ್ವ ಅಕ್ಕನಿಗಿಂತ ಮೊದಲೇ, "ಅದೇನ್ ದೊಡ್ಡದಲ್ಲ ಬಿಡ್ರಿ, ಇವನ ಸೋದರಮಾವನೂ ಹಿಂಗ ಇದ್ದ" ಎಂದು ಉತ್ತರ ಕೊಡುತ್ತಿದ್ದಳು. ಏಳನೆಯದೋ ಎಂಟನೆಯದೋ ಪ್ರಶ್ನೆಗೆ ಅವರು ಬರೆಯುವುದನ್ನು ನಿಲ್ಲಿಸಿ, ಬಾಗಿಲ ಪಕ್ಕ ನಿಂತಿದ್ದ ನನ್ನನ್ನು ನೋಡಿದರು.

ನನ್ನ ಸರದಿ ಮೂರು ತಿಂಗಳ ನಂತರ ಬಂತು. ನಮ್ಮ ದೇಶದಲ್ಲಿ ಆಟಿಸಂ ಪ್ರಮಾಣಪತ್ರಕ್ಕೆ ಬಳಸುವ 'ಇಸಾ' ಎಂಬ ಅಳತೆಯಲ್ಲಿ 40 ಅಂಶಗಳಿವೆ, ಪ್ರತಿಯೊಂದಕ್ಕೂ 1ರಿಂದ 5ರವರೆಗೆ ಅಂಕ. ಮೂವತ್ತು ವರ್ಷ ಎಲ್ಲವನ್ನೂ ಮುಚ್ಚಿಕೊಂಡು ಬದುಕುವ ರೂಢಿಯಾದವನನ್ನು ಅಂಥ ಅಳತೆಯಲ್ಲಿ ತೂಗುವುದು ಸುಲಭವಲ್ಲ, ಅವ್ವನ ನೆನಪುಗಳೇ ಆಧಾರವಾದವು. ಅಂಗವಿಕಲರಿಗೆ ಸರಕಾರ ಕೊಡುವ ಯುಡಿಐಡಿ ಗುರುತಿನ ಕಾರ್ಡಿಗೆ ಅರ್ಜಿ ಹಾಕಬೇಕೋ ಬೇಡವೋ ಎಂದು ಮನೆಯಲ್ಲಿ ಒಂದು ವರ್ಷ ಚರ್ಚೆ ನಡೆಯಿತು. ಕಾಕಾನ ಮಗಳ ಲಗ್ನ ಆಗುವವರೆಗೆ ತಡೆಯಬೇಕು ಎಂಬುದು ಒಂದು ಪಕ್ಷ. ಲಗ್ನವಾಯಿತು, ಕಾರ್ಡೂ ಬಂತು. ಇವತ್ತಿಗೂ ಅದು ಅವ್ವನ ಟ್ರಂಕಿನಲ್ಲಿ, ಅಪ್ಪನ ಪಿಂಚಣಿ ಕಾಗದಗಳ ಕೆಳಗೆ ಇದೆ.

ಕಾರ್ಡಿಗಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಅಲ್ಲಿನ ಮನಶ್ಶಾಸ್ತ್ರಜ್ಞೆಯೊಬ್ಬರು ಹೇಳಿದ ಒಂದು ಸಣ್ಣ ಕೆಲಸ. ನಾನು ಅವರಿಗೆ ನನ್ನ ನಾಲ್ಕು ನೌಕರಿಗಳ ಕಥೆಯನ್ನು ಹೇಳಿ, ನನಗೆ ಯಾವ ಕೆಲಸ ತಕ್ಕದ್ದು ಎಂದು ಕೇಳಿದ್ದೆ. ಅವರು ಉತ್ತರ ಕೊಡಲಿಲ್ಲ. ಪ್ರತಿ ನೌಕರಿಯಲ್ಲಿ ನೀವು ದಿನದ ಯಾವ ಹೊತ್ತಿಗೆ ದಣಿಯುತ್ತಿದ್ದಿರಿ, ಅದಕ್ಕೆ ಮುಂಚಿನ ಅರ್ಧ ಗಂಟೆ ಏನು ನಡೆದಿರುತ್ತಿತ್ತು ಎಂದು ಬರೆದುಕೊಂಡು ಬನ್ನಿ ಎಂದರು. ಬರೆಯುತ್ತ ಹೋದಂತೆ ಹಾಳೆಯಲ್ಲಿ ಎರಡು ಅಂಕಣಗಳಾದವು. ಎಡಗಡೆ ಜಾಹೀರಾತಿನಲ್ಲಿ ಬರೆದಿದ್ದ ಕೆಲಸ: ಪಾಠ, ರಸೀದಿ, ಲೆಕ್ಕ. ಅದರಿಂದ ನಾನು ಒಂದು ದಿನವೂ ದಣಿದಿರಲಿಲ್ಲ. ಬಲಗಡೆ ಎಲ್ಲಿಯೂ ಬರೆಯದ ಕೆಲಸ: ನಮಸ್ಕಾರ ಯಾರು ಮೊದಲು ಮಾಡಬೇಕು ಎಂಬ ಲೆಕ್ಕಾಚಾರ, ಚಹಾದ ಹೊತ್ತಿನ ರಾಜಕೀಯ, ಒಂದೇ ಸಮನೆ ಕಿರುಗುಟ್ಟುವ ಫ್ಯಾನು, ಕೆಲಸದ ನಡುವೆ "ಅದನ್ನ ಬಿಟ್ಟು ಮೊದಲ ಇದನ್ನ ಮಾಡ್ರಿ" ಎಂಬ ಕರೆ, ಗಿರಾಕಿಯ ಸಿಟ್ಟು ನನ್ನ ಮೇಲೋ ಬಡ್ಡಿಯ ಮೇಲೋ ಎಂಬ ಗೊಂದಲ, ಗೋಡೆಯ ಹೊಸ ಬಣ್ಣದ ವಾಸನೆ. ಮಧ್ಯಾಹ್ನ ಎರಡಕ್ಕೆ ನನ್ನ ತಲೆ ಕಲ್ಲಾಗುತ್ತಿದ್ದದ್ದು ಈ ಅಂಕಣದಿಂದ. ನಾನು ಇಷ್ಟು ವರ್ಷ ಎಡ ಅಂಕಣವನ್ನು ನೋಡಿ ಅರ್ಜಿ ಹಾಕುತ್ತಿದ್ದೆ, ಬಲ ಅಂಕಣದಿಂದಾಗಿ ಬಿಡುತ್ತಿದ್ದೆ. ಮಾಸ್ತರಿಕೆಯಿಂದ ಕೌಂಟರಿಗೆ, ಕೌಂಟರಿನಿಂದ ಲೆಕ್ಕಪತ್ರಕ್ಕೆ ಹಾರಿದರೂ ಎಡಗಡೆಯದು ಮಾತ್ರ ಬದಲಾಗುತ್ತಿತ್ತು.

ಆಗ ನೆನಪಾದದ್ದು ಬೆಂಗೇರಿ. ಕೆಲಸವಿಲ್ಲದೆ ಮನೆಯಲ್ಲಿದ್ದ ದಿನಗಳಲ್ಲಿ ಒಮ್ಮೆ ದೂರದ ಸಂಬಂಧದ ಅತ್ತಿಯೊಬ್ಬರಿಗೆ ಬುತ್ತಿ ಕೊಡಲು ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘಕ್ಕೆ ಹೋಗಿದ್ದೆ. 1957ರಲ್ಲಿ ಆರಂಭವಾದ, ಭಾರತೀಯ ಮಾನಕ ಬ್ಯೂರೋದ ಗುರುತಿನೊಡನೆ ರಾಷ್ಟ್ರಧ್ವಜ ತಯಾರಿಸುವ ಸಂಸ್ಥೆ ಅದು, ಹೊಲಿಯುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಧ್ವಜಕ್ಕೆ ಒಂಬತ್ತು ಅಳತೆಗಳಿವೆ, 6300 ಮಿ.ಮೀ. ಉದ್ದ 4200 ಮಿ.ಮೀ. ಅಗಲದ್ದು ಎಲ್ಲಕ್ಕಿಂತ ದೊಡ್ಡದು, 150 ಮತ್ತು 100 ಮಿ.ಮೀ.ನದು ಎಲ್ಲಕ್ಕಿಂತ ಸಣ್ಣದು. ಬಣ್ಣದ ಛಾಯೆ, ಚಕ್ರದ 24 ಗೆರೆಗಳು, ಹೊಲಿಗೆ, ಹಗ್ಗ ಎಲ್ಲಕ್ಕೂ ಬರೆದ ನಿಯಮವಿದೆ. ಅಳತೆ ತಪ್ಪಿದರೆ ತುಂಡು ಪಕ್ಕಕ್ಕೆ ಹೋಗುತ್ತದೆ, ಯಾರೂ ಮುಖ ಕೆಡಿಸಿಕೊಳ್ಳುವುದಿಲ್ಲ, ಯಾಕೆಂದರೆ ತಪ್ಪು ಎಂದು ಹೇಳಿದ್ದು ಅಳತೆಯ ಪಟ್ಟಿ. ಅತ್ತಿ ಊಟ ಮುಗಿಸುವವರೆಗೆ ನಾನು ಅಲ್ಲಿ ಕುಳಿತಿದ್ದೆ, ಹೊರಡಲು ಮನಸ್ಸಾಗಿರಲಿಲ್ಲ. ಯಾಕೆ ಮನಸ್ಸಾಗಿರಲಿಲ್ಲ ಎಂಬುದು ಎರಡು ಅಂಕಣ ಬರೆದ ಮೇಲೆ ತಿಳಿಯಿತು. ಅಲ್ಲಿ ಬಲಗಡೆಯ ಅಂಕಣ ಬಹಳ ಚಿಕ್ಕದು.

ಆಟಿಸಂ ಎಂದ ಕೂಡಲೇ ಸುಶಿಕ್ಷಿತ ಬಂಧುಗಳು "ಹಂಗಾದ್ರ ಸಾಫ್ಟ್‌ವೇರ್ ಕಲಿ" ಎನ್ನುತ್ತಾರೆ. ಇದಕ್ಕೆ ಕಾರಣವಿದೆ. ಡೆನ್ಮಾರ್ಕಿನ ತೋರ್ಕಿಲ್ ಸೋನೆ ಎಂಬ ತಂದೆ ತನ್ನ ಮಗನಿಗೆ ಆಟಿಸಂ ಇದೆಯೆಂದು ತಿಳಿದ ಮೇಲೆ 2004ರಲ್ಲಿ ಸ್ಪೆಷಲಿಸ್ಟರ್ನೆ ಎಂಬ ಕಂಪನಿಯನ್ನು ಕಟ್ಟಿ ಆಟಿಸಂ ಇರುವವರನ್ನು ಸಾಫ್ಟ್‌ವೇರ್ ಪರೀಕ್ಷಕರನ್ನಾಗಿ ತೆಗೆದುಕೊಂಡ. 2013ರಲ್ಲಿ ಜರ್ಮನಿಯ ಸ್ಯಾಪ್ ಕಂಪನಿ ಇಂಥದ್ದೇ ಯೋಜನೆಯನ್ನು ಪ್ರಕಟಿಸಿತು, ಅದರ ಮೊದಲ ಪ್ರಯೋಗಗಳಲ್ಲಿ ಬೆಂಗಳೂರಿನ ಕಚೇರಿಯೂ ಇತ್ತು. ಸುದ್ದಿ ಹಬ್ಬಿತು, ಆಟಿಸಂ ಎಂದರೆ ಕಂಪ್ಯೂಟರ್ ಎಂದಾಯಿತು. ನನಗೆ ಕಂಪ್ಯೂಟರಿನಲ್ಲಿ ಆಸಕ್ತಿಯಿಲ್ಲ, ವರದಿ ಟೈಪ್ ಮಾಡುವುದೇ ಬೇಸರ. ಆ ಸುದ್ದಿಯಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಯಾರೂ ಎತ್ತಿ ಹೇಳದ ಒಂದು ವಿವರ. ಸ್ಪೆಷಲಿಸ್ಟರ್ನೆಯವರು ಸಂದರ್ಶನದ ಬದಲು ಅಭ್ಯರ್ಥಿಗಳ ಕೈಗೆ ಲೆಗೋ ರೋಬೋಟುಗಳನ್ನು ಕೊಟ್ಟು ಅವರು ಹೇಗೆ ಕೆಲಸ ಮಾಡುತ್ತಾರೆಂದು ನೋಡುತ್ತಿದ್ದರು. ಆಟಿಸಂ ಇರುವ ಅಮೆರಿಕದ ಪ್ರಾಣಿವಿಜ್ಞಾನಿ ಟೆಂಪಲ್ ಗ್ರ್ಯಾಂಡಿನ್ ಕೂಡ ದನಗಳ ಕೊಟ್ಟಿಗೆ, ಓಣಿಗಳ ವಿನ್ಯಾಸದ ಕೆಲಸ ಕೇಳಲು ಹೋಗುವಾಗ ತನ್ನ ಬಗ್ಗೆ ಮಾತನಾಡುವ ಬದಲು ತಾನು ಬರೆದ ನಕ್ಷೆಗಳನ್ನು ಮುಂದೆ ಇಡುತ್ತಿದ್ದರಂತೆ. ಸಂದರ್ಶನವೆಂಬುದು ಬಲ ಅಂಕಣದ ಪರೀಕ್ಷೆ. ಎಡ ಅಂಕಣದ ಕೆಲಸಕ್ಕೆ ಜನ ಬೇಕೆಂದು ಹೇಳಿ ಬಲ ಅಂಕಣದಲ್ಲಿ ಪರೀಕ್ಷೆ ಮಾಡಿದರೆ ನನ್ನಂಥವರು ಹೊಸ್ತಿಲಲ್ಲೇ ಉಳಿಯುತ್ತಾರೆ. ಒಂದು ಕಡೆ ಸಂದರ್ಶನ ಮುಗಿದ ಮೇಲೆ "ಸೋಮವಾರ ಬಂದು ಹೋಗ್ರಿ" ಎಂದರು. ನಾನು ಮೂರು ಸೋಮವಾರ ಬಂದು ಹೋದೆ. ನಾಲ್ಕನೆಯ ಸೋಮವಾರ ಕಾವಲುಗಾರನೇ ಕನಿಕರದಿಂದ, "ಸರ್, ಅದು ಇಲ್ಲ ಅನ್ನೋ ಮಾತ್ರೀ" ಎಂದು ಬಿಡಿಸಿ ಹೇಳಿದ.

ಬೀಜದ ಕೆಲಸಕ್ಕೆ ನಾನು ಸಂದರ್ಶನವಿಲ್ಲದೆ ಬಂದೆ. ಅಪ್ಪನ ಪರಿಚಯದ ಹಿರಿಯರೊಬ್ಬರು ಆ ಪ್ರಯೋಗಾಲಯದ ಮೇಲ್ವಿಚಾರಕರಾಗಿದ್ದರು. "ಒಂದ್ ದಿನ ಬಂದು ಕೂಡಲಿ" ಎಂದು ಅಪ್ಪನಿಗೆ ಹೇಳಿ ಕಳಿಸಿದರು. ಹೋದ ದಿನ ಒಂದು ತಟ್ಟೆ ಜೋಳ, ಒಂದು ಚಿಮಟ, ಒಂದು ಮುದ್ರಿತ ಹಾಳೆ ಕೊಟ್ಟು ತಮ್ಮ ಕೆಲಸಕ್ಕೆ ಹೋದರು. ಹಾಳೆಯಲ್ಲಿ ಶುದ್ಧ ಬೀಜ, ಬೇರೆ ಬೆಳೆಯ ಬೀಜ, ಕಳೆ ಬೀಜ, ಜಡ ವಸ್ತು ಎಂದು ನಾಲ್ಕು ಭಾಗಗಳಿದ್ದವು, ಒಡೆದ ಕಾಳು ಅರ್ಧಕ್ಕಿಂತ ದೊಡ್ಡದಿದ್ದರೆ ಯಾವ ಭಾಗಕ್ಕೆ, ಚಿಕ್ಕದಿದ್ದರೆ ಯಾವುದಕ್ಕೆ ಎಂಬುದೂ ಇತ್ತು. ನಾನು ಇತರರಿಗಿಂತ ಎರಡು ಪಟ್ಟು ಹೊತ್ತು ತೆಗೆದುಕೊಂಡೆ. ಸಿನಿಮಾಗಳಲ್ಲಿ ತೋರಿಸುವ ಚಮತ್ಕಾರವೇನೂ ನಡೆಯಲಿಲ್ಲ. ಆದರೆ ಸಂಜೆಯ ಕೊನೆಯ ಕಾಳನ್ನು ಬೆಳಗಿನ ಮೊದಲ ಕಾಳಿನಷ್ಟೇ ಗಮನದಿಂದ ನೋಡಿದ್ದೆ ಎಂಬುದು ಅವರು ಮತ್ತೆ ಎಣಿಸಿದಾಗ ಅವರಿಗೆ ತಿಳಿಯಿತು. ಮರುದಿನವೂ ಬಾ ಎಂದರು. ಅದಾದ ಕೆಲ ತಿಂಗಳಿಗೆ ಹುಬ್ಬಳ್ಳಿ ಧಾರವಾಡಗಳ ನಡುವೆ ತಮ್ಮದೇ ಬೇರೆ ದಾರಿಯಿರುವ ಚಿಗರಿ ಬಸ್ಸುಗಳು ಓಡತೊಡಗಿದವು. ನಿಲ್ದಾಣದ ಹೆಸರನ್ನು ಮುಂಚಿತವಾಗಿ ಹೇಳುವ, ನಿಲ್ಲಬೇಕಾದಲ್ಲೇ ನಿಲ್ಲುವ ಬಸ್ಸು ನನ್ನ ಕೆಲಸದ ಒಂದು ಭಾಗವೇ ಆಯಿತು. ದಾರಿಯಲ್ಲೇ ಅರ್ಧ ಶಕ್ತಿ ಮುಗಿದರೆ ಪ್ರಯೋಗಾಲಯಕ್ಕೆ ಉಳಿಯುವುದು ಏನು?

2016ರ ಕಾಯ್ದೆಯಲ್ಲಿ 'ಸಮಂಜಸ ಹೊಂದಾಣಿಕೆ' ಎಂಬ ಮಾತಿದೆ: ಸಂಸ್ಥೆಗೆ ವಿಪರೀತ ಹೊರೆಯಾಗದಂತೆ, ಅಂಗವಿಕಲ ವ್ಯಕ್ತಿ ಇತರರಿಗೆ ಸಮನಾಗಿ ನಡೆದುಕೊಳ್ಳಲು ಬೇಕಾದ ಮಾರ್ಪಾಡು. 20 ಮತ್ತು ಅದಕ್ಕಿಂತ ಹೆಚ್ಚು ನೌಕರರಿರುವ ಖಾಸಗಿ ಸಂಸ್ಥೆಗಳು ಸಮಾನ ಅವಕಾಶ ನೀತಿಯಲ್ಲಿ ಇಂಥ ಸೌಲಭ್ಯಗಳನ್ನು ಬರೆದು ಪ್ರಕಟಿಸಬೇಕು ಎಂದು 2017ರ ನಿಯಮಗಳು ಹೇಳುತ್ತವೆ. ನಾನು ಕಾಯ್ದೆಯ ಹೆಸರು ಎತ್ತಲಿಲ್ಲ, ಮೇಲ್ವಿಚಾರಕರಿಗೆ ಮಾತ್ರ ವಿಷಯ ಹೇಳಿ ಮೂರು ಬೇಡಿಕೆ ಇಟ್ಟೆ. ಕುರ್ಚಿ ಗೋಡೆಯ ಕಡೆಗೆ ತಿರುಗಿರಬೇಕು, ಕೆಲಸವನ್ನು ಚೀಟಿಯಲ್ಲಿ ಬರೆದು ಕೊಡಬೇಕು, ಊಟಕ್ಕೆ ನಾನು ಗೋದಾಮಿನ ಹಿಂದೆ ಒಬ್ಬನೇ ಕೂತರೆ ಯಾರೂ ತಪ್ಪು ತಿಳಿಯಬಾರದು. ಮೂರಕ್ಕೂ ಒಂದು ರೂಪಾಯಿ ಖರ್ಚಿಲ್ಲ. ಮೂರನೆಯದು ಎಲ್ಲಕ್ಕಿಂತ ಕಷ್ಟವಾಯಿತು, ಏಕೆಂದರೆ ನಮ್ಮಲ್ಲಿ ಬುತ್ತಿ ಬಿಚ್ಚಿ ಪಲ್ಯ ಹಂಚಿಕೊಳ್ಳದವನು ಜಂಬದವನು. ಮೇಲ್ವಿಚಾರಕರು, "ಅವಂಗ ವೈದ್ಯರು ಹೇಳ್ಯಾರ" ಎಂದು ಅರ್ಧ ಸತ್ಯ ಹೇಳಿ ಮುಗಿಸಿದರು.

ಕೆಲಸ ಸಿಕ್ಕಿತು, ಕಥೆ ಮುಗಿಯಿತು ಎಂದು ನನಗೂ ಅನ್ನಿಸಿತ್ತು. ನಾಲ್ಕನೆಯ ವರ್ಷ ಬಡ್ತಿ ಬಂತು. ಚೆನ್ನಾಗಿ ಎಣಿಸುವವನನ್ನು ಎಣಿಸುವವರ ಮೇಲೆ ಕೂರಿಸುವುದು ಎಲ್ಲ ಕಡೆ ಇರುವ ರೂಢಿ. ರಾಣೆಬೆನ್ನೂರಿನ ಸುತ್ತ ನಮಗೆ ಬೀಜ ಬೆಳೆದುಕೊಡುವ ರೈತರಿಗೆ, ಏಜೆಂಟರಿಗೆ ದಿನಕ್ಕೆ ಮೂವತ್ತು ಬಾರಿ ಫೋನ್ ಮಾಡಬೇಕು, ಲಾಟ್ ಫೇಲಾದವರ ಸಿಟ್ಟು ಕೇಳಬೇಕು, ಪಗಾರ ಐದು ಸಾವಿರ ಹೆಚ್ಚು. ನಾನು ನೋಟ್‌ಬುಕ್ ತೆಗೆದು ಬಲ ಅಂಕಣ ತುಂಬಿಸಿದೆ, ಪುಟ ಸಾಲಲಿಲ್ಲ. ಬೇಡ ಎಂದೆ. ಕಚೇರಿಯಲ್ಲಿ ಇದನ್ನು ವಿನಯ ಎಂದುಕೊಂಡು ಎರಡು ಬಾರಿ ಒತ್ತಾಯಿಸಿದರು, ಮೂರನೆಯ ಬಾರಿ ಸೋಮಾರಿತನ ಎಂದುಕೊಂಡರು. ಅವ್ವ ಒಂದು ವಾರ ಮಾತು ಬಿಟ್ಟಳು. ಅವಳ ದುಃಖ ನನಗೆ ಅರ್ಥವಾಗುತ್ತದೆ, ನೆರೆಹೊರೆಯವರ ಮಕ್ಕಳು ಏರುತ್ತಿದ್ದರು, ಮಗ ಏಣಿ ತಂದಿಟ್ಟರೂ ಕಾಲಿಡಲಿಲ್ಲ. ಫೋನಿಲ್ಲದ ಬಡ್ತಿಯೊಂದು, ಅನುಭವಕ್ಕೆ ತಕ್ಕಂತೆ ಅದೇ ಮೇಜಿನಲ್ಲಿ ಪಗಾರ ಏರುವ ವ್ಯವಸ್ಥೆಯೊಂದು ಯಾಕಿರಬಾರದು ಎಂದು ನಾನು ಕೇಳಿದ್ದಕ್ಕೆ "ನೋಡೋಣಂತ" ಎಂಬ ಉತ್ತರ ಬಂತು. ಅದರ ಅರ್ಥ ಈಗ ನನಗೆ ಗೊತ್ತು.

ನನ್ನದು ಓದಿದವನ ಕಥೆ, ಮಾತು ಬರುವವನ ಕಥೆ. ಹಳೇ ಹುಬ್ಬಳ್ಳಿಯಲ್ಲಿ ನನ್ನ ಗೆಳೆಯನ ಅತ್ತಿಗೆ ನಡೆಸುವ ರೊಟ್ಟಿ ಕೇಂದ್ರದಲ್ಲಿ ಇಪ್ಪತ್ನಾಲ್ಕು ವರ್ಷದ ಒಬ್ಬ ಹುಡುಗನಿದ್ದಾನೆ, ದಿನಕ್ಕೆ ಹತ್ತು ಶಬ್ದ ಆಡಿದರೆ ಹೆಚ್ಚು. ರೊಟ್ಟಿ ಬಡಿಯುವ ಸಪ್ಪಳ ಅವನಿಗೆ ಆಗದ ಕಾರಣ ಹಿಂದಿನ ಕೋಣೆಯಲ್ಲಿ ಕೂತು ಕಡಕ್ ರೊಟ್ಟಿಗಳನ್ನು 25ರಂತೆ ಎಣಿಸಿ ಪೊಟ್ಟಣ ಕಟ್ಟುತ್ತಾನೆ, ಅಂಚು ಮುರಿದದ್ದನ್ನು ಬೇರೆ ಇಡುತ್ತಾನೆ. ಅವನ ತಾಯಿ ಮೊದಲ ದಿನ "ಹೊತ್ತು ಹೋದ್ರ ಸಾಕ್ರೀ, ಪಗಾರ ಬ್ಯಾಡ" ಎಂದಿದ್ದರು. ಅತ್ತಿಗೆ ಒಪ್ಪಲಿಲ್ಲ. ಇತರ ಹೆಣ್ಣುಮಕ್ಕಳಿಗೆ ಪೊಟ್ಟಣಕ್ಕೆ ಎಷ್ಟೋ ಇವನಿಗೂ ಅಷ್ಟೇ, ಶನಿವಾರ ಇವನ ಕೈಗೇ. ಹೊತ್ತು ಕಳೆಯಲು ಕೊಡುವ ಕೆಲಸವನ್ನು ಕೆಲಸ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಆಟಿಸಂ ಇರುವವರ ಉದ್ಯೋಗದ ಮಾತು ಬಂದಾಗಲೆಲ್ಲ ಹಿಂದಿನ ಕೋಣೆಯ ಈ ಹುಡುಗನನ್ನು ಬಿಟ್ಟು ಸಾಫ್ಟ್‌ವೇರ್ ಪರೀಕ್ಷಕರನ್ನಷ್ಟೇ ನೆನೆಯುವುದು ನನಗೆ ಸರಿಕಾಣುವುದಿಲ್ಲ.

ಎರಡು ವರ್ಷಗಳ ಹಿಂದೆ ಮುಂಗಾರಿನ ಮುಂಚಿನ ಗಡಿಬಿಡಿಯಲ್ಲಿ ಒಂದು ಜೋಳದ ಲಾಟ್ 10ನೆಯ ದಿನದ ಎಣಿಕೆಯಲ್ಲಿ 71 ಬಂತು. ಪ್ರಮಾಣಿತ ಜೋಳದ ಬೀಜಕ್ಕೆ ಕನಿಷ್ಠ 75% ಮೊಳಕೆ ಬೇಕು. ಹಳೆಯ ಮೇಲ್ವಿಚಾರಕರು ಆ ವೇಳೆಗೆ ನಿವೃತ್ತರಾಗಿದ್ದರು. ಮಾರಾಟ ವಿಭಾಗದಿಂದ ಬಂದ ಒಬ್ಬರು ನನ್ನ ಪಕ್ಕದಲ್ಲಿ ನಿಂತು, ಸಸಿಗಳತ್ತ ಕಣ್ಣನ್ನೂ ಹಾಯಿಸದೆ, "ಇದನ್ನೊಂಚೂರು ನೋಡ್ರಿ" ಎಂದರು.

ಹತ್ತು ವರ್ಷಗಳ ಹಿಂದಿನವನಾಗಿದ್ದರೆ ಈ ಮಾತು ನನಗೆ ತಿಳಿಯುತ್ತಲೇ ಇರಲಿಲ್ಲ. ಆಟಿಸಂ ಇರುವವರಿಗೆ ಸುಳ್ಳು ಬರುವುದಿಲ್ಲ, ಅವರು ಮುಗ್ಧರು ಎಂದು ಕೆಲವರು ಪ್ರೀತಿಯಿಂದ ಬರೆಯುತ್ತಾರೆ, ಓದಿದಾಗ ನನಗೆ ಕಸಿವಿಸಿಯಾಗುತ್ತದೆ. ಅಂದು ನಾನು ಮುಗ್ಧನಾಗಿರಲಿಲ್ಲ. ಆ ವಾಕ್ಯ ನನ್ನ ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಇತ್ತು, ಅದರ ಅರ್ಥ ಅಕ್ಷರ ಅಕ್ಷರವಾಗಿ ತಿಳಿದಿತ್ತು. "ಆತ್ರಿ, ನೋಡ್ತೀನಿ" ಎಂದೆ. ನಾಲ್ಕೂ ಸುರುಳಿಗಳನ್ನು ಮತ್ತೆ ಬಿಚ್ಚಿ ನೋಡಿದೆ. ಪಾಲುಗಳ ನಡುವಿನ ವ್ಯತ್ಯಾಸ ನಿಯಮದ ಕೋಷ್ಟಕದ ಮಿತಿಯೊಳಗೇ ಇತ್ತು, ಆದರೂ ಉಳಿದ ಮಾದರಿಯಿಂದ ಹೊಸ 400 ಕಾಳು ಇಟ್ಟು ಮತ್ತೆ ಹತ್ತು ದಿನ ಕಾದೆ. 70 ಬಂತು. ಅದನ್ನೇ ಬರೆದು ಸಹಿ ಮಾಡಿದೆ. ಅವರು ಬಂದಾಗ, "ನೋಡೀನ್ರಿ" ಎಂದು ಹಾಳೆ ಕೊಟ್ಟೆ. ಬಟ್ಟೆ ಅಂಗಡಿಯ ಮಾಲಕರಂತೆಯೇ ಅವರೂ ನನ್ನ ಮುಖವನ್ನು ಕೆಲ ಹೊತ್ತು ನೋಡಿದರು. ಇವನು ಚೇಷ್ಟೆ ಮಾಡುತ್ತಿದ್ದಾನೋ, ನಿಜಕ್ಕೂ ತಿಳಿದಿಲ್ಲವೋ ಎಂಬುದು ಅವರಿಗೆ ಬಗೆಹರಿಯಲಿಲ್ಲ. ನಾನೂ ಬಗೆಹರಿಸಿಕೊಡಲಿಲ್ಲ. ಆ ವರ್ಷ ನನ್ನ ಪಗಾರ ಏರಲಿಲ್ಲ.

ಅಕ್ಕನ ಮಗನಿಗೆ ಈಗ ಹನ್ನೆರಡು ತುಂಬಿದೆ. "ಮುಂದ ಇವಂಗ ನಿನ್ನಂಗ ಬೀಜದ ಕೆಲಸ ಆಗ್ತದೇನೋ?" ಎಂದು ಅಕ್ಕ ಆಗಾಗ ಕೇಳುತ್ತಾಳೆ. ಸುರುಳಿಗಳಿಗೆ ರಜೆಯಿಲ್ಲ, 10ನೆಯ ದಿನ ರವಿವಾರ ಬಿದ್ದರೆ ರವಿವಾರವೇ ಎಣಿಸಬೇಕು. ಕಳೆದ ತಿಂಗಳು ಅಂಥ ಒಂದು ರವಿವಾರ ಅವನನ್ನೂ ಕರೆದುಕೊಂಡು ಹೋದೆ. ಚಿಗರಿ ಬಸ್ಸಿನಲ್ಲಿ ಖುಷಿಯಾಗಿದ್ದ, ದನಿ ಬರುವ ಮೊದಲೇ ಪ್ರತಿ ನಿಲ್ದಾಣದ ಹೆಸರು ಹೇಳುತ್ತಿದ್ದ. ಪ್ರಯೋಗಾಲಯದಲ್ಲಿ ಯಾರೂ ಇರಲಿಲ್ಲ, ಫ್ಯಾನೂ ಬಂದ್ ಇತ್ತು, ನನಗೆ ಅದಕ್ಕಿಂತ ಒಳ್ಳೆಯ ಜಾಗ ಹುಬ್ಬಳ್ಳಿ ಧಾರವಾಡಗಳ ನಡುವೆ ಇನ್ನೊಂದಿಲ್ಲ. ನಾನು ಜರ್ಮಿನೇಟರಿನ ಬಾಗಿಲು ತೆರೆದು ಮೊದಲ ಸುರುಳಿಯನ್ನು ಬಿಚ್ಚಿದೆ. ಅವನು ಎರಡೂ ಕೈಗಳಿಂದ ಮೂಗು ಮುಚ್ಚಿಕೊಂಡು ಹೊರಗೆ ಓಡಿ, ಗೇಟಿನ ಬಳಿ ನಿಂತು, "ಮಾಮಾ, ಮನೀಗೆ" ಎಂದ.

ಎಣಿಕೆಯನ್ನು ಬೇಗ ಮುಗಿಸಿ ಹೊರಟೆವು. ಬಸ್ಸಿನಲ್ಲಿ ನೋಟ್‌ಬುಕ್ ತೆಗೆದು, ಹೊಸ ಪುಟದ ಮೇಲೆ ಅವನ ಹೆಸರು ಬರೆದು, ನಡುವೆ ಗೆರೆ ಎಳೆದೆ. ಬಲಗಡೆ ಬರೆದೆ: ಒದ್ದೆ ಕಾಗದದ ವಾಸನೆ ಆಗುವುದಿಲ್ಲ. ಎಡಗಡೆ ಸದ್ಯಕ್ಕೆ ಖಾಲಿ ಬಿಟ್ಟಿದ್ದೇನೆ.